ಮನೆ ಹೋದರೂ ಶಾಲೆ ಹೋಗಬೇಕಿಲ್ಲ: ಅಮೆರಿಕದಲ್ಲಿ ಸೂರು ಕಳೆದುಕೊಂಡ ವಿದ್ಯಾರ್ಥಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡುವಿದ್ದಾಗ ನಾನು ಇಲ್ಲಿನ ಶಾಲೆಗಳಲ್ಲಿ ಕನ್ನಡ ಮತ್ತು ತೆಲುಗು ಪೋಷಕರಿಗೆ ದುಭಾಷಿಯಾಗಿ ಕೂರುತ್ತೇನೆ. ಅಲ್ಲಿ ಕಿವಿಗೆ ಬಿದ್ದ ಪ್ರಶ್ನೆಗಳನ್ನೂ, ಆಮೇಲೆ ರಾತ್ರಿ ಫೋನ್ ಮಾಡಿ ತಗ್ಗಿದ ದನಿಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿ ಇದನ್ನು ಬರೆದಿದ್ದೇನೆ. ಕೆಲವು ಪೋಷಕರು ಕೇಳಿದವು, ಕೆಲವು ಶಾಲಾ ಮಂಡಳಿಗೆ ಆಯ್ಕೆಯಾದ ನಮ್ಮವರು ಕೇಳಿದವು. ನಾನು ವಕೀಲನಲ್ಲ. ಯಾವುದಾದರೂ ಪ್ರಕರಣ ಜಗಳಕ್ಕೆ ತಿರುಗಿದ್ದರೆ ವಕೀಲರನ್ನೇ ಕಾಣಿರಿ.

ಶಾಲಾ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಡೆಯ ಜಿಲ್ಲೆಯೇ?

ಅಲ್ಲ. ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಸ್ಥಳೀಯ ಆಡಳಿತ ಅದು. ಎರಡೇ ಶಾಲೆಗಳಿರುವ ಡಿಸ್ಟ್ರಿಕ್ಟ್ ಇದೆ, ಲಾಸ್ ಏಂಜಲೀಸಿನಂತೆ ಲಕ್ಷಾಂತರ ಮಕ್ಕಳಿರುವುದೂ ಇದೆ. ಮಗು ಯಾವ ಶಾಲೆಗೆ ಸೇರಬೇಕು ಎಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸ ತೀರ್ಮಾನಿಸುತ್ತದೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ತೋರಿಸಿದರೆ ಬಾಗಿಲು ತೆರೆಯುತ್ತದೆ. ಹಾಗಾಗಿ ವಿಳಾಸ ಹೋದ ದಿನ ಶಾಲೆಯೂ ಹೋಗುವ ಅಪಾಯ ಈ ಪದ್ಧತಿಯೊಳಗೇ ಇದೆ.

ಅಂಥ ಮಕ್ಕಳಿಗೆ ರಕ್ಷಣೆ ಕೊಡುವ ಕಾನೂನು ಯಾವುದು?

ಮೆಕಿನಿ-ವೆಂಟೊ ಕಾಯ್ದೆ. 1987ರ ಜುಲೈನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಒಕ್ಕೂಟ ಸರ್ಕಾರದ ಕಾನೂನು ಇದು. ಸ್ಟೂವರ್ಟ್ ಮೆಕಿನಿ ಕನೆಕ್ಟಿಕಟ್‌ನ ರಿಪಬ್ಲಿಕನ್ ಸಂಸದ. ಆ ವರ್ಷದ ಮಾರ್ಚ್‌ನ ಚಳಿಯಲ್ಲಿ ಬೇರೆ ಕೆಲವು ಸಂಸದರ ಜೊತೆ ವಾಷಿಂಗ್ಟನ್ನಿನ ಬೀದಿಯಲ್ಲಿ ಒಂದು ರಾತ್ರಿ ಮಲಗಿ, ಸೂರಿಲ್ಲದವರ ಪಾಡನ್ನು ಜನರ ಕಣ್ಣಿಗೆ ತಂದವರು. ಮೇ ತಿಂಗಳಲ್ಲಿ ತೀರಿಕೊಂಡರು, ಕಾಯ್ದೆಯನ್ನು ನೋಡಲಿಲ್ಲ. ಮಿನೆಸೋಟದ ಡೆಮಾಕ್ರಟ್ ಬ್ರೂಸ್ ವೆಂಟೊ ಹೆಸರು 2000ದಲ್ಲಿ ಸೇರಿತು. ಕಾಯ್ದೆಯ ಶಿಕ್ಷಣದ ಭಾಗ 2015ರ ತಿದ್ದುಪಡಿಯಲ್ಲಿ ಬಲಗೊಂಡಿತು. ಎರಡು ಪಕ್ಷದವರ ಹೆಸರನ್ನು ಹೊತ್ತು ನಡೆಯುತ್ತಿರುವ ಕಾನೂನು ಈಗಿನ ಅಮೆರಿಕದಲ್ಲಿ ನೋಡಲು ಸಿಗುವುದೇ ಅಪರೂಪ.

ಯಾರನ್ನು ಸೂರಿಲ್ಲದವರೆಂದು ಪರಿಗಣಿಸುತ್ತಾರೆ? ಬೀದಿಯಲ್ಲೇ ಮಲಗಿರಬೇಕೇ?

ಬೇಡ. ಎಲ್ಲರೂ ಎಡವುವುದು ಇಲ್ಲೇ. ಕಾಯ್ದೆ ಕೇಳುವುದು ಒಂದೇ ಪ್ರಶ್ನೆ: ಈ ಮಗುವಿಗೆ ರಾತ್ರಿ ತಂಗಲು ಸ್ಥಿರವಾದ, ಪ್ರತಿದಿನವೂ ಸಿಗುವ, ಯೋಗ್ಯವಾದ ಜಾಗ ಇದೆಯೇ? ಮೂರರಲ್ಲಿ ಒಂದು ತಪ್ಪಿದರೂ ಮಗು ಕಾಯ್ದೆಯ ನೆರಳಿಗೆ ಬರುತ್ತದೆ. ನಿರಾಶ್ರಿತರ ಶೆಲ್ಟರ್, ಕಾರು, ಪಾರ್ಕು, ಬಸ್ ನಿಲ್ದಾಣ, ಪಾಳು ಕಟ್ಟಡ ಇವು ಯಾರಿಗಾದರೂ ಹೊಳೆಯುತ್ತವೆ. ಆದರೆ ಬೇರೆ ಗತಿಯಿಲ್ಲದೆ ಮೋಟೆಲಿನಲ್ಲಿ ವಾರದ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಿರುವ ಕುಟುಂಬವೂ ಇದರಲ್ಲಿ ಸೇರುತ್ತದೆ. ಮನೆ ಕಳೆದುಕೊಂಡು ಅಥವಾ ಹಣವಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಒತ್ತಿಕೊಂಡು ಇರುವವರೂ ಸೇರುತ್ತಾರೆ. ಬೆಳೆಯ ಹಿಂದೆ ಊರೂರು ಅಲೆಯುವ ಕೃಷಿ ಕೂಲಿಗಳ ಮಕ್ಕಳು ಇಂಥದೇ ಜಾಗಗಳಲ್ಲಿದ್ದರೆ ಅವರೂ ಸೇರುತ್ತಾರೆ.

ಆದಾಯದ ಮಿತಿ ಈ ವ್ಯಾಖ್ಯೆಯಲ್ಲಿ ಇಲ್ಲ. 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಸುಟ್ಟಾಗ, 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಆಲ್ಟಡೀನಾ ಉರಿದಾಗ ಹಿಂದಿನ ದಿನದವರೆಗೆ ಸ್ವಂತ ಮನೆಯಲ್ಲಿದ್ದ ಮಕ್ಕಳು ಒಂದೇ ರಾತ್ರಿಯಲ್ಲಿ ಈ ಸ್ಥಿತಿಗೆ ಬಂದರು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸುತ್ತೇನೆ. ವಸತಿ ಇಲಾಖೆಯ ವ್ಯಾಖ್ಯೆ ಬೇರೆ, ಇದಕ್ಕಿಂತ ಇಕ್ಕಟ್ಟು. ನೆಂಟರ ಮನೆಯಲ್ಲಿ ಒತ್ತಿಕೊಂಡಿರುವವರನ್ನು ಅದು ಬಹುಮಟ್ಟಿಗೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಕಚೇರಿಯಲ್ಲಿ ‘ನೀವು ಅರ್ಹರಲ್ಲ’ ಎಂದು ಹಿಂದಕ್ಕೆ ಕಳಿಸಿದ ಕುಟುಂಬದ ಮಗುವಿಗೆ ಶಾಲೆಯಲ್ಲಿ ಪೂರ್ಣ ಹಕ್ಕು ಇರಬಹುದು.

ನಾವು ಗೆಳೆಯರ ಮನೆಯ ಬೇಸ್‌ಮೆಂಟ್‌ನಲ್ಲಿದ್ದೇವೆ. ನಾವೂ ಇದರಲ್ಲಿ ಬರುತ್ತೇವೆಯೇ?

ಯಾಕೆ ಅಲ್ಲಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಹೊಸದಾಗಿ ಬಂದು ಅಪಾರ್ಟ್‌ಮೆಂಟ್ ಹುಡುಕುವವರೆಗೆ ಎರಡು ವಾರ ಇದ್ದರೆ, ಅಥವಾ ಹಣ ಉಳಿಸೋಣವೆಂದು ಇಬ್ಬರೂ ಮಾತಾಡಿಕೊಂಡು ಮನೆ ಹಂಚಿಕೊಂಡಿದ್ದರೆ ಬರುವುದಿಲ್ಲ. ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟು, ಅವರು ‘ಹೊರಡಿ’ ಎಂದ ದಿನ ಹೊರಡಬೇಕಾದ ಸ್ಥಿತಿಯಲ್ಲಿದ್ದರೆ ಬರುವ ಸಾಧ್ಯತೆ ಹೆಚ್ಚು. ಎಚ್-1ಬಿ ಎಂಬ ಉದ್ಯೋಗ ವೀಸಾದವರಿಗೆ ಕೆಲಸ ಹೋದ ಮೇಲೆ ಬೇರೆ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಆ ಅವಧಿಯಲ್ಲಿ ಬಾಡಿಗೆ ಮನೆ ಬಿಟ್ಟುಕೊಟ್ಟು ಯಾರದೋ ಹಜಾರದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕುಳಿತ ಕುಟುಂಬಗಳನ್ನು ಕಂಡಿದ್ದೇನೆ. ಮಕ್ಕಳ ಶಾಲೆಯ ಬಗ್ಗೆ ಅವರಿಗೆ ಹಕ್ಕುಗಳಿರಬಹುದು ಎಂಬ ಯೋಚನೆ ಅವರಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ನಮ್ಮವರಿಗೆ ಇದು ಹೊಳೆಯದಿರುವುದಕ್ಕೆ ಕಾರಣವಿದೆ. ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದಿದವರು, ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಪಿಯುಸಿ ಮುಗಿಸಿದವರು ನಮ್ಮಲ್ಲಿ ಎಷ್ಟು ಮಂದಿ! ಅದನ್ನು ಯಾರೂ ‘ಸೂರಿಲ್ಲದಿರುವುದು’ ಎನ್ನಲಿಲ್ಲ, ಅದು ಹಾಗಿರಲೂ ಇಲ್ಲ. ಆ ಮನೆಯಲ್ಲಿ ನಮ್ಮ ತಟ್ಟೆ ಇತ್ತು, ಯಾರೂ ಹೊರಡು ಎನ್ನುತ್ತಿರಲಿಲ್ಲ. ಬೇಸ್‌ಮೆಂಟಿನ ಸ್ನೇಹಿತನ ಮನೆಯನ್ನು ಅದಕ್ಕೆ ಹೋಲಿಸಿಕೊಂಡು ‘ನಮಗೇನೂ ಆಗಿಲ್ಲ’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ.

ಇಂಥ ಮಕ್ಕಳು ಎಷ್ಟಿದ್ದಾರೆ?

2022-23ರ ಶಾಲಾ ವರ್ಷದಲ್ಲಿ ಅಮೆರಿಕದ ಸಾರ್ವಜನಿಕ ಶಾಲೆಗಳು ಗುರುತಿಸಿದವರು ಸುಮಾರು 13.7 ಲಕ್ಷ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೊಬ್ಬರ ಮನೆಯಲ್ಲಿ ಒತ್ತಿಕೊಂಡಿದ್ದವರು. ನ್ಯೂಯಾರ್ಕ್ ನಗರವೊಂದರಲ್ಲೇ 2023-24ರಲ್ಲಿ 1,46,000ಕ್ಕೂ ಹೆಚ್ಚು ಮಕ್ಕಳು, ಅಂದರೆ ಎಂಟರಲ್ಲಿ ಒಬ್ಬರು. ಇವು ‘ಗುರುತಿಸಿದ’ ಮಕ್ಕಳ ಲೆಕ್ಕ ಎಂಬುದನ್ನು ಮರೆಯಬಾರದು. ಸಾವಿರಾರು ಮಕ್ಕಳಿರುವ ಡಿಸ್ಟ್ರಿಕ್ಟ್ ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂದು ಸೊನ್ನೆ ಬರೆದು ಕಳಿಸಿದರೆ, ಅಲ್ಲಿ ಯಾರೂ ಹುಡುಕಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ವಿಳಾಸದ ಪುರಾವೆ, ಲಸಿಕೆ ಚೀಟಿ, ಜನನ ಪ್ರಮಾಣಪತ್ರ ಯಾವುದೂ ಕೈಯಲ್ಲಿಲ್ಲ. ಶಾಲೆ ಸೇರಿಸಿಕೊಳ್ಳುತ್ತದೆಯೇ?

ಸೇರಿಸಿಕೊಳ್ಳಲೇಬೇಕು, ಅದೂ ತಕ್ಷಣ. ಹೆಸರು ಬರೆದುಕೊಂಡು ‘ಕಾಗದ ತಂದ ಮೇಲೆ ತರಗತಿ’ ಎನ್ನುವಂತಿಲ್ಲ. ತರಗತಿಯಲ್ಲಿ ಕೂತು ಪಾಠ ಕೇಳುವುದಕ್ಕೇ ಕಾಯ್ದೆ ದಾಖಲಾತಿ ಎನ್ನುವುದು. ಹಳೆಯ ಶಾಲೆಯಿಂದ ಅಂಕಪಟ್ಟಿ ತರಿಸುವುದು ಹೊಸ ಶಾಲೆಯ ಕೆಲಸ. ಲಸಿಕೆಯ ಕಾಗದವಿಲ್ಲದಿದ್ದರೆ ಅದನ್ನು ಹೊಂದಿಸಲು ಸಹಾಯ ಮಾಡುವುದೂ ಡಿಸ್ಟ್ರಿಕ್ಟ್‌ನ ಕೆಲಸ. ಹಳೆಯ ಶಾಲೆಯಲ್ಲಿ ಬಾಕಿ ಶುಲ್ಕವಿದೆ, ದಂಡ ಕಟ್ಟಿಲ್ಲ, ಹಾಜರಾತಿ ಕಡಿಮೆಯಿದೆ ಎಂಬ ನೆಪಗಳೂ ಅಡ್ಡಬರಕೂಡದು.

ಕಾನೂನಿನಲ್ಲಿ ಹೀಗಿದೆ. ಆದರೆ ‘ದೇವರು ವರ ಕೊಟ್ಟರೂ ಪೂಜಾರಿ ಬಿಡ’ ಎಂಬ ಗಾದೆಯ ಅರ್ಥ ನನಗೆ ಸರಿಯಾಗಿ ತಿಳಿದದ್ದು ಒಂದು ಶಾಲೆಯ ಮುಂಗಚೇರಿಯಲ್ಲಿ. ಗಂಡನ ಹೊಡೆತ ತಾಳಲಾರದೆ ಎರಡು ಮಕ್ಕಳನ್ನು ಕರೆದುಕೊಂಡು ಶೆಲ್ಟರ್ ಸೇರಿದ್ದ ಹೆಣ್ಣುಮಗಳೊಬ್ಬಳ ಪಕ್ಕದಲ್ಲಿ ಕುಳಿತಿದ್ದೆ. ಕಿಟಕಿಯ ಹಿಂದಿದ್ದಾಕೆ ಕೆಟ್ಟವಳೇನಲ್ಲ. ನಗುನಗುತ್ತಲೇ ಮೂರು ಸಲ ‘ಬಾಡಿಗೆ ಕರಾರು ತನ್ನಿ’ ಎಂದಳು. ಅವಳಿಗೆ ಯಾರೂ ಈ ಕಾಯ್ದೆಯ ಹೆಸರನ್ನೇ ಹೇಳಿರಲಿಲ್ಲ. ಡಿಸ್ಟ್ರಿಕ್ಟ್‌ನ ಕೇಂದ್ರ ಕಚೇರಿಗೆ ಒಂದು ಫೋನ್ ಹೋದ ಮೇಲೆ ಅರ್ಧ ಗಂಟೆಯಲ್ಲಿ ಮಕ್ಕಳು ತರಗತಿಯಲ್ಲಿದ್ದರು. ಡಿಸ್ಟ್ರಿಕ್ಟ್ ಒಂದೇ ಒಂದು ಕೆಲಸ ಮಾಡುವುದಾದರೆ ಯಾವುದು ಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಮುಂಗಚೇರಿಯಲ್ಲಿ ಕೂರುವವರಿಗೆ, ಬಸ್ ಚಾಲಕರಿಗೆ, ಊಟ ಬಡಿಸುವವರಿಗೆ ಪ್ರತಿ ವರ್ಷ ತರಬೇತಿ ಕೊಡಿ. ಪ್ರಾಂಶುಪಾಲರಿಗೆ ಕೊಡುವ ತರಬೇತಿ ಆಮೇಲಿನದು.

ವೀಸಾ ಕೇಳುತ್ತಾರೆಯೇ? ಡಿಪೆಂಡೆಂಟ್ ವೀಸಾದಲ್ಲಿರುವ ತಾಯಿ ಗಂಡನ ಮನೆ ಬಿಟ್ಟು ಬಂದರೆ?

ವೀಸಾ ದಾಖಲಾತಿಯ ಷರತ್ತಾಗುವಂತಿಲ್ಲ. ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ: ವಲಸೆಯ ಕಾಗದಗಳಿಲ್ಲ ಎಂಬ ಕಾರಣಕ್ಕೆ ಮಗುವಿಗೆ ಸಾರ್ವಜನಿಕ ಶಾಲೆಯನ್ನು ನಿರಾಕರಿಸುವಂತಿಲ್ಲ. ತಾಯಿ ಎಚ್-4 ಎಂಬ ಡಿಪೆಂಡೆಂಟ್ ವೀಸಾದಲ್ಲಿದ್ದರೂ, ಬ್ಯಾಂಕ್ ಖಾತೆಯೆಲ್ಲ ಗಂಡನ ಹೆಸರಿನಲ್ಲಿದ್ದರೂ, ಪಾಸ್‌ಪೋರ್ಟ್ ಅವನ ಬೀರುವಿನಲ್ಲೇ ಉಳಿದಿದ್ದರೂ ಮಕ್ಕಳ ಶಾಲೆ ನಿಲ್ಲಬೇಕಿಲ್ಲ.

ಊರ ಇನ್ನೊಂದು ತುದಿಯ ಮೋಟೆಲಿಗೆ ಹೋಗಿದ್ದೇವೆ. ಹಳೆಯ ಶಾಲೆ ಬಿಡಬೇಕೇ?

ಬಿಡಬೇಕಿಲ್ಲ. ಮನೆಯಿದ್ದಾಗ ಓದುತ್ತಿದ್ದ ಶಾಲೆ ಅಥವಾ ಕೊನೆಯದಾಗಿ ದಾಖಲಾಗಿದ್ದ ಶಾಲೆ, ಅದು ಶಿಶುವಿಹಾರವೇ ಆಗಿದ್ದರೂ, ಮಗುವಿನ ‘ಮೂಲ ಶಾಲೆ’ ಎನಿಸುತ್ತದೆ. ಅಲ್ಲೇ ಮುಂದುವರಿಯುವುದು ಮಗುವಿಗೆ ಒಳ್ಳೆಯದು ಎಂಬ ನಂಬಿಕೆಯಿಂದಲೇ ಡಿಸ್ಟ್ರಿಕ್ಟ್ ಹೊರಡಬೇಕು. ಪೋಷಕರೇ ಬೇಡವೆಂದರೆ ಆ ಮಾತು ಬೇರೆ. ಸೂರಿಲ್ಲದಿರುವಷ್ಟು ಕಾಲವೂ ಈ ಹಕ್ಕು ಇರುತ್ತದೆ. ವರ್ಷದ ಮಧ್ಯದಲ್ಲಿ ಮನೆ ಸಿಕ್ಕಿದರೂ ಆ ಶಾಲಾ ವರ್ಷ ಮುಗಿಯುವವರೆಗೆ ಮಗುವನ್ನು ಕದಲಿಸುವಂತಿಲ್ಲ.

ಬರೀ ಹಕ್ಕು ಕೊಟ್ಟು ‘ಹೇಗಾದರೂ ಬನ್ನಿ’ ಎಂದರೆ ಏನು ಪ್ರಯೋಜನ? ಪೋಷಕರು ಕೇಳಿದರೆ ವಾಹನದ ಏರ್ಪಾಡೂ ಡಿಸ್ಟ್ರಿಕ್ಟ್‌ನದೇ. ಶಾಲಾ ಬಸ್ಸಿನ ದಾರಿ ಬದಲಿಸಬಹುದು, ನಗರ ಸಾರಿಗೆಯ ಪಾಸು ಕೊಡಬಹುದು, ಟ್ಯಾಕ್ಸಿ ಕಳಿಸಬಹುದು, ಪೆಟ್ರೋಲಿನ ಹಣ ಕೊಡಬಹುದು. ಕುಟುಂಬ ಪಕ್ಕದ ಡಿಸ್ಟ್ರಿಕ್ಟ್‌ಗೆ ಹೋಗಿದ್ದರೆ ಇಬ್ಬರೂ ಕೂತು ಖರ್ಚು ಹಂಚಿಕೊಳ್ಳಬೇಕು, ಒಪ್ಪಂದ ಕುದುರದಿದ್ದರೆ ಅರ್ಧರ್ಧ. ಜಾಣ ಡಿಸ್ಟ್ರಿಕ್ಟ್‌ಗಳು ಇನ್ನೂ ಒಂದು ಸಣ್ಣ ಕೆಲಸ ಮಾಡುತ್ತವೆ: ಆ ಮಗುವನ್ನು ಬೆಳಿಗ್ಗೆ ಮೊದಲು ಹತ್ತಿಸಿಕೊಂಡು, ಸಂಜೆ ಕೊನೆಗೆ ಇಳಿಸುತ್ತವೆ. ಬಸ್ಸು ಮೋಟೆಲಿನ ಮುಂದೆ ನಿಲ್ಲುವುದನ್ನು ಸಹಪಾಠಿಗಳು ನೋಡದಿರಲಿ ಎಂದು.

ಲಿಯೇಸಾನ್ ಎಂದರೆ ಯಾರು?

ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಈ ಮಕ್ಕಳ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರಲೇಬೇಕು. ಅವರೇ ಲಿಯೇಸಾನ್. ಮಕ್ಕಳನ್ನು ಗುರುತಿಸುವುದು, ಸೇರಿಸುವುದು, ಬಸ್ಸು ಹೊಂದಿಸುವುದು, ಹಕ್ಕುಗಳನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಎಲ್ಲವೂ ಅವರ ಪಾಲಿಗೆ. ಎಷ್ಟೋ ಕಡೆ ಇದು ಆರನೆಯ ಟೋಪಿ. ಆಪ್ತಸಮಾಲೋಚನೆ, ಹಾಜರಾತಿ ಎಂದು ಐದು ಕೆಲಸಗಳ ಮೇಲೆ ಇದನ್ನೂ ಹೊರಿಸಿರುತ್ತಾರೆ. ಶಾಲಾ ಮಂಡಳಿಯಲ್ಲಿರುವ ನಮ್ಮವರು ಬಜೆಟ್ ಸಭೆಯಲ್ಲಿ ‘ನಮ್ಮ ಲಿಯೇಸಾನ್‌ಗೆ ಈ ಕೆಲಸಕ್ಕೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ?’ ಎಂದು ಕೇಳಿ ನೋಡಲಿ. ಸಭೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಮಕ್ಕಳು ಹೇಳಿಕೊಳ್ಳುವುದಿಲ್ಲ. ಶಿಕ್ಷಕರಿಗೆ ಗೊತ್ತಾಗುವುದು ಹೇಗೆ?

ಹೇಳಿಕೊಳ್ಳುವುದಿಲ್ಲ, ನಿಜ. ‘ಯಾರಿಗೂ ಹೇಳಬೇಡ’ ಎಂದು ಮನೆಯಲ್ಲಿ ಕಟ್ಟಪ್ಪಣೆ ಇರುತ್ತದೆ. ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆ ಎಂಬ ಭಯ ಅದರ ಹಿಂದೆ. ಆದ್ದರಿಂದ ಕಣ್ಣು ಬೇಕು. ಪ್ರತಿದಿನ ಒಂದೇ ಅಂಗಿ. ಸೋಮವಾರ ಬೆಳಿಗ್ಗೆ ಮಾತ್ರ ವಿಪರೀತ ಹಸಿವು. ಮೊದಲ ಪಾಠದಲ್ಲೇ ನಿದ್ದೆ. ಹೋಂವರ್ಕ್ ಮರೆತೆ ಎನ್ನುವ ಹುಡುಗನಿಗೆ ಬರೆಯಲು ಮೇಜೇ ಇಲ್ಲದಿರಬಹುದು. ಚೀಲವನ್ನು ಕೆಳಗಿಡಲು ಒಪ್ಪದ ಹುಡುಗಿ ತನ್ನ ಸಕಲ ಆಸ್ತಿಯನ್ನೂ ಅದರಲ್ಲಿ ಹೊತ್ತಿರಬಹುದು. ವಿಳಾಸಕ್ಕೆ ಕಳಿಸಿದ ಪತ್ರ ಹಿಂದಿರುಗಿದರೆ ಕಚೇರಿಯವರು ಎರಡನೆಯ ಸಲ ಕಳಿಸುವ ಮೊದಲು ಒಂದು ಕ್ಷಣ ಯೋಚಿಸಬೇಕು.

ಇವುಗಳಲ್ಲಿ ಒಂದನ್ನೇ ಹಿಡಿದು ತೀರ್ಮಾನಕ್ಕೆ ಬರುವುದೂ ತಪ್ಪು, ಇಷ್ಟದ ಅಂಗಿಯನ್ನು ಬಿಡದ ಮಕ್ಕಳು ಎಲ್ಲ ಮನೆಯಲ್ಲೂ ಇರುತ್ತಾರೆ. ಹೆಚ್ಚು ನಂಬಬಹುದಾದ ದಾರಿ ಎಂದರೆ ವರ್ಷದ ಆರಂಭದಲ್ಲಿ ಎಲ್ಲ ಮಕ್ಕಳ ಮನೆಗೂ ಕಳಿಸುವ ವಸತಿಯ ಪ್ರಶ್ನಾವಳಿ. ಎಲ್ಲರಿಗೂ ಹೋಗುವುದರಿಂದ ಯಾರಿಗೂ ಅವಮಾನವಿಲ್ಲ. ಆದರೆ ಸ್ಥಿತಿ ಬದಲಾಗುವುದು ನವೆಂಬರಿನಲ್ಲೋ ಫೆಬ್ರವರಿಯಲ್ಲೋ. ಆಗಸ್ಟಿನಲ್ಲಿ ಒಮ್ಮೆ ಕೇಳಿ ಕಡತ ಮುಚ್ಚಿದರೆ ಸಾಲದು.

ಪ್ರಶ್ನಾವಳಿಯಲ್ಲಿ ಯಾವ ಪದ ಬಳಸಬೇಕು?

‘ನೀವು ಹೋಮ್‌ಲೆಸ್ ಆಗಿದ್ದೀರಾ?’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಎನ್ನುತ್ತಾರೆ. ಕನ್ನಡಕ್ಕೆ ತಿರುಗಿಸುವಾಗ ನನಗೂ ಇದೇ ಕಷ್ಟ. ‘ನಿರ್ವಸಿತ’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ. ‘ಬೀದಿಪಾಲಾದವರು’ ಎಂದರೆ ಎದುರಿಗಿದ್ದವರು ಎದ್ದು ಹೋಗುತ್ತಾರೆ. ಈಗ ನಾನು ಸುಮ್ಮನೆ ‘ಈಚೆಗೆ ರಾತ್ರಿ ಎಲ್ಲಿ ಮಲಗುತ್ತಿದ್ದೀರಿ, ಆ ಜಾಗ ಎಷ್ಟು ದಿನ ಇರುತ್ತದೆ?’ ಎಂದು ಕೇಳುತ್ತೇನೆ. ಅಚ್ಚರಿಯೆಂದರೆ ಕಾಯ್ದೆಯ ಮಾತೂ ಅದೇ. ನ್ಯೂಯಾರ್ಕ್ ನಗರದ ಶಾಲೆಗಳು ‘ತಾತ್ಕಾಲಿಕ ವಸತಿಯಲ್ಲಿರುವ ವಿದ್ಯಾರ್ಥಿಗಳು’ ಎಂಬ ಮಾತನ್ನು ಬಳಸುತ್ತವೆ, ಅದೂ ವಾಸಿ.

ವಿಷಯ ಗುಟ್ಟಾಗಿ ಉಳಿಯುತ್ತದೆಯೇ?

ಉಳಿಯಬೇಕು. ಮಗು ಎಲ್ಲಿ ವಾಸಿಸುತ್ತಿದೆ ಎಂಬುದು ಗೋಪ್ಯವಾಗಿಡಬೇಕಾದ ಶೈಕ್ಷಣಿಕ ದಾಖಲೆ. ಹೆಸರು, ತರಗತಿಗಳಂತೆ ಹೊರಗಿನವರಿಗೆ ಕೊಡಬಹುದಾದ ಸಾಮಾನ್ಯ ಮಾಹಿತಿ ಅದಲ್ಲ. ಮನೆ ಮಾಲೀಕನಿಗೆ ಫೋನ್ ಮಾಡಿ ‘ನಿಮ್ಮಲ್ಲಿ ಇನ್ನೊಂದು ಕುಟುಂಬ ಇದೆಯಂತೆ, ಹೌದೇ?’ ಎಂದು ವಿಚಾರಿಸುವುದು ಶಾಲೆ ಮಾಡಬಹುದಾದ ಅತಿ ಕೆಟ್ಟ ಕೆಲಸ. ಆಶ್ರಯ ಕೊಟ್ಟವರೂ ಸೇರಿ ಎರಡು ಕುಟುಂಬಗಳು ಬೀದಿಗೆ ಬೀಳುತ್ತವೆ. ಹಿಂಸೆಯಿಂದ ಓಡಿಬಂದ ತಾಯಿಯ ವಿಷಯದಲ್ಲಿ ವಿಳಾಸ ಸೋರಿದರೆ ಪ್ರಾಣಕ್ಕೇ ಸಂಚಕಾರ.

ಇವರಿಗೆಂದೇ ಬೇರೆ ಶಾಲೆ ತೆರೆದರೆ ಅನುಕೂಲವಲ್ಲವೇ?

ಕಾಯ್ದೆ ಒಪ್ಪುವುದಿಲ್ಲ. ಸೂರಿಲ್ಲ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಬೇರೆ ಶಾಲೆಯಲ್ಲಾಗಲಿ ಬೇರೆ ಕೋಣೆಯಲ್ಲಾಗಲಿ ಕೂರಿಸುವಂತಿಲ್ಲ. ಹಿಂದಿನಿಂದಲೇ ಇದ್ದ ಶಾಲೆಗಳಿಗಾಗಿ ಕ್ಯಾಲಿಫೋರ್ನಿಯಾದ ಮೂರು ಕೌಂಟಿಗಳಿಗೂ ಅರಿಜೋನಾದ ಒಂದು ಕೌಂಟಿಗೂ ವಿನಾಯಿತಿ ಸಿಕ್ಕಿದೆ, ಅಷ್ಟೇ.

ಊಟ, ಪ್ರವಾಸ, ಕ್ರೀಡೆ?

ಊಟ ಉಚಿತ. ಲಿಯೇಸಾನ್ ಕೊಟ್ಟ ಹೆಸರಿನ ಪಟ್ಟಿಯೇ ಸಾಕು, ಅರ್ಜಿ ಬೇಡ. ಆಟದ ತಂಡ, ಸಂಗೀತ, ಬೇಸಿಗೆ ತರಗತಿ ಯಾವುದಕ್ಕೂ ಸೂರಿಲ್ಲದಿರುವುದು ಅಡ್ಡಿಯಾಗಬಾರದು. ಶಾಲೆ ಬದಲಿಸಿದ ಹೈಸ್ಕೂಲು ಮಕ್ಕಳಿಗೆ ಅರ್ಧ ಮುಗಿಸಿದ ಪಾಠಕ್ಕೂ ಭಾಗಶಃ ಕ್ರೆಡಿಟ್ ಸಿಗುವಂತೆ ನೋಡಿಕೊಳ್ಳಬೇಕು.

ಹೆತ್ತವರಿಲ್ಲದೆ ಒಂಟಿಯಾಗಿರುವ ಹದಿಹರೆಯದವರ ಗತಿ?

ಇವರು ಎಲ್ಲರಿಗಿಂತ ಅದೃಶ್ಯರು. ಷಿಕಾಗೊ ವಿಶ್ವವಿದ್ಯಾಲಯದ ಚೇಪಿನ್ ಹಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 13ರಿಂದ 17 ವಯಸ್ಸಿನ 30 ಮಕ್ಕಳಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಹೀಗೆ ಒಂಟಿಯಾಗಿ ಸೂರಿಲ್ಲದೆ ಕಳೆದಿದ್ದಾರೆ. ಜಗಳವಾಡಿ ಹೊರಟವರು, ಹೊರದಬ್ಬಿಸಿಕೊಂಡವರು, ಗೆಳೆಯರ ಸೋಫಾದಿಂದ ಸೋಫಾಕ್ಕೆ ಅಲೆಯುವವರು. ಪೋಷಕರ ಸಹಿ ಇಲ್ಲವೆಂದು ಇವರ ದಾಖಲಾತಿಯನ್ನು ನಿಲ್ಲಿಸುವಂತಿಲ್ಲ. ಕಾಲೇಜಿನ ಹೊಸಿಲಲ್ಲಿ ಇನ್ನೊಂದು ಸಹಾಯ ಕಾದಿದೆ. ಲಿಯೇಸಾನ್ ಒಂದು ಪತ್ರ ಬರೆದುಕೊಟ್ಟರೆ, ಒಕ್ಕೂಟ ಸರ್ಕಾರದ ವಿದ್ಯಾರ್ಥಿ ಧನಸಹಾಯದ ಅರ್ಜಿಯಲ್ಲಿ ಹೆತ್ತವರ ಆದಾಯ, ಸಹಿ ಎರಡೂ ಬೇಕಿಲ್ಲ. ಎಚ್-4 ವೀಸಾದ ಮಕ್ಕಳಿಗೆ ಆ ಧನಸಹಾಯವೇ ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಸುಮ್ಮನೆ ಆಸೆ ಹುಟ್ಟಿಸಬಾರದು.

ಇದಕ್ಕೆಲ್ಲ ಹಣ ಎಲ್ಲಿಂದ?

ಸಾಕಷ್ಟು ಬರುವುದಿಲ್ಲ. 2024ರಲ್ಲಿ ಈ ಕಾರ್ಯಕ್ರಮಕ್ಕೆ ಸಿಕ್ಕಿದ್ದು ಸುಮಾರು 12.9 ಕೋಟಿ ಡಾಲರ್. ಗುರುತಿಸಿದ ಮಕ್ಕಳಿಗೆ ಹಂಚಿದರೆ ತಲೆಗೆ ನೂರು ಡಾಲರ್ ಕೂಡ ಬೀಳುವುದಿಲ್ಲ. ಅದೂ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ನೇರವಾಗಿ ಸಿಗುವುದಿಲ್ಲ, ರಾಜ್ಯದ ಮೂಲಕ ಸ್ಪರ್ಧಿಸಿ ಪಡೆಯಬೇಕು. ಅನುದಾನ ಸಿಗದ ಡಿಸ್ಟ್ರಿಕ್ಟ್‌ಗೂ ಕಾನೂನಿನ ಹೊಣೆ ಪೂರ್ತಿ ಇದೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಒಮ್ಮೆ 80 ಕೋಟಿ ಡಾಲರ್ ಬಂದಿತ್ತು. ಹಲವು ಡಿಸ್ಟ್ರಿಕ್ಟ್‌ಗಳು ಮೊದಲ ಬಾರಿಗೆ ಈ ಕೆಲಸಕ್ಕೆಂದೇ ಜನರನ್ನು ನೇಮಿಸಿಕೊಂಡವು. ಆ ಹಣ ಮುಗಿಯಿತು. ಬಡ ಮಕ್ಕಳ ಕಲಿಕೆಗೆ ಬರುವ ಟೈಟಲ್-1 ಅನುದಾನದಲ್ಲಿ ಒಂದಂಶವನ್ನು ಸೂರಿಲ್ಲದ ಮಕ್ಕಳಿಗೆ ಎತ್ತಿಡುವುದು ಕಡ್ಡಾಯ. ಲಿಯೇಸಾನ್‌ನ ಸಂಬಳಕ್ಕೂ ಮೂಲ ಶಾಲೆಯ ಬಸ್ಸಿಗೂ ಅದನ್ನು ಬಳಸಬಹುದು. ಎಷ್ಟು ಎತ್ತಿಡಬೇಕೆಂಬುದನ್ನು ಮಕ್ಕಳ ಅಗತ್ಯ ನೋಡಿ ನಿರ್ಧರಿಸಬೇಕು, ಹೋದ ವರ್ಷದ ಅಂಕಿಯನ್ನು ನಕಲು ಮಾಡುವುದಲ್ಲ.

ಶಾಲೆ ಮನೆಯನ್ನೇ ಕೊಡಿಸಬಲ್ಲದೇ?

ಅದು ಶಾಲೆಯ ಕೆಲಸವಲ್ಲ, ಆದರೂ ಕೆಲವರು ಕೈ ಹಾಕಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಬ್ಯೂನಾ ವಿಸ್ತಾ ಹೊರೇಸ್ ಮ್ಯಾನ್ ಶಾಲೆ 2018ರಲ್ಲಿ ತನ್ನ ಜಿಮ್ ಅನ್ನೇ ವಿದ್ಯಾರ್ಥಿಗಳ ಕುಟುಂಬಗಳಿಗೆ ರಾತ್ರಿ ತಂಗುವ ಜಾಗವಾಗಿ ತೆರೆಯಿತು. ಟಕೋಮಾ ನಗರದ ವಸತಿ ಪ್ರಾಧಿಕಾರ ಮಕಾರ್ವರ್ ಶಾಲೆಯ ಮಕ್ಕಳ ಕುಟುಂಬಗಳಿಗೆ 2011ರಿಂದ ಬಾಡಿಗೆ ನೆರವು ಕೊಟ್ಟು ನೋಡಿತು. ಮಿನಿಯಾಪೊಲಿಸ್‌ನಲ್ಲಿ 2019ರಿಂದ ನಗರಾಡಳಿತ, ವಸತಿ ಪ್ರಾಧಿಕಾರ, ಶಾಲಾ ಡಿಸ್ಟ್ರಿಕ್ಟ್ ಸೇರಿ ಅಂಥದೇ ಯೋಜನೆ ನಡೆಸುತ್ತಿವೆ. ನನಗೆ ಇವು ಬಲು ಇಷ್ಟ. ಬಟ್ಟೆ ಒಗೆಯುವ ಯಂತ್ರವೊಂದನ್ನು ಶಾಲೆಯಲ್ಲಿಟ್ಟು ಬೀಗದ ಕೈ ಮಕ್ಕಳಿಗೆ ಕೊಡುವುದಂತೂ ಯಾವ ಡಿಸ್ಟ್ರಿಕ್ಟ್‌ಗೂ ಭಾರವಲ್ಲ.

ಶಾಲೆ ಒಪ್ಪದಿದ್ದರೆ?

ಯಾಕೆ ಇಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ, ಕೊಡಲೇಬೇಕು. ಮೇಲ್ಮನವಿಗೆ ದಾರಿ ಇದೆ, ಅದಕ್ಕೆ ಲಿಯೇಸಾನ್ ನೆರವಾಗಬೇಕು. ವಿವಾದ ಪೂರ್ತಿ ಇತ್ಯರ್ಥವಾಗುವವರೆಗೆ ನೀವು ಕೇಳಿದ ಶಾಲೆಯಲ್ಲೇ ಮಗು ಓದುತ್ತಿರುತ್ತದೆ. ಕಾಯ್ದೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಾಲು ಇದು. ದೊಡ್ಡವರ ಜಗಳದಲ್ಲಿ ಮಗುವಿನ ದಿನಗಳು ಪೋಲಾಗುವುದಿಲ್ಲ.

ಕರ್ನಾಟಕದಲ್ಲಿ ಇಂಥದ್ದೇನಾದರೂ ಇದೆಯೇ?

ಶಿಕ್ಷಣ ಹಕ್ಕು ಕಾಯ್ದೆ, 2009 ಇದರ ಅರ್ಧ ದಾರಿಯನ್ನು ಕ್ರಮಿಸಿದೆ. ವರ್ಗಾವಣೆ ಪತ್ರ ತಡವಾಯಿತೆಂದು, ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿರುವವರ ಮಕ್ಕಳಿಗಾಗಿ ಟೆಂಟ್ ಶಾಲೆಗಳ ಪ್ರಯೋಗವೂ ನಡೆದಿದೆ. ಎರಡು ದಾರಿಗಳ ವ್ಯತ್ಯಾಸ ಕುತೂಹಲದ್ದು: ನಾವು ಶಾಲೆಯನ್ನು ಶೆಡ್ಡಿನ ಬಳಿಗೆ ಒಯ್ದೆವು, ಇವರು ಮಗುವನ್ನು ಹಳೆಯ ಶಾಲೆಗೇ ಕರೆದೊಯ್ಯುತ್ತಾರೆ. ಕಟ್ಟಡ ಮುಗಿದು ಕುಟುಂಬ ಮುಂದಿನ ಸೈಟಿಗೆ ಹೋದ ಮೇಲೆ ಆ ಮಗು ಯಾವ ಶಾಲೆ ಸೇರಿತು ಎಂದು ಹೆಸರು ಹಿಡಿದು ಹುಡುಕುವ, ಕಾನೂನೇ ನೇಮಿಸಿದ ಲಿಯೇಸಾನ್‌ನಂಥ ಹುದ್ದೆ ನಮ್ಮ ಕಾಯ್ದೆಯಲ್ಲಿ ಇಲ್ಲ.

ಪರಿಚಯದ ಕುಟುಂಬವೊಂದು ಹೀಗಿದೆ ಎಂಬ ಅನುಮಾನ. ನಾನೇನು ಮಾಡಲಿ?

ಸಂಘದ ವಾಟ್ಸಾಪ್ ಗುಂಪಿನಲ್ಲಿ ದಯವಿಟ್ಟು ಹಾಕಬೇಡಿ. ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ‘ಮೆಕಿನಿ-ವೆಂಟೊ’ ಎಂದು ಹುಡುಕಿ ಲಿಯೇಸಾನ್‌ನ ಹೆಸರು, ಫೋನ್ ಸಂಖ್ಯೆ ಬರೆದುಕೊಳ್ಳಿ. ಸಿಗದಿದ್ದರೆ ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಇದೇ ಕೆಲಸಕ್ಕಿರುವ ಸಂಯೋಜಕರನ್ನು ಕೇಳಿ, ಪ್ರತಿ ರಾಜ್ಯದಲ್ಲೂ ಒಬ್ಬರಿದ್ದಾರೆ. ಆಮೇಲೆ ಆ ಮನೆಯವರನ್ನು ಒಬ್ಬರೇ ಹೋಗಿ ಕಾಣಿರಿ. ಚೀಟಿ ಕೊಟ್ಟು, ‘ಮಕ್ಕಳ ಬಸ್ಸಿನ ವಿಷಯಕ್ಕೆ ಇವರು ಸಹಾಯ ಮಾಡುತ್ತಾರಂತೆ’ ಎಂದಷ್ಟೇ ಹೇಳಿ. ಫೋನ್ ಮಾಡುವಾಗ ಪಕ್ಕದಲ್ಲಿ ಕೂರಲೇ ಎಂದು ಕೇಳಿ, ಬೇಡವೆಂದರೆ ಕಾಫಿ ಕುಡಿದು ಬನ್ನಿ. ವಾರದ ನಂತರ ಇನ್ನೊಮ್ಮೆ ಹೋಗಿ.